ಚಿನ್ನದ ಗಣಿಯ ತಂತಿ, ಡೇಟಾ ಸೆಂಟರಿನ ಕರೆಂಟು

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಾಗಲಿ, ಮುಳಬಾಗಿಲಿನ ಟೊಮೆಟೊ ಹೊಲಗಳಲ್ಲಾಗಲಿ ರಾತ್ರಿ ಹೊತ್ತು ಕಾವಲು ಕೂತವರ ಮಾತು ಸುತ್ತಿ ಬಳಸಿ ಬಂದು ನಿಲ್ಲುವುದು ಒಂದೇ ವಿಷಯಕ್ಕೆ: ತ್ರೀಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ? ಕೊಳವೆಬಾವಿ ಸಾವಿರ ಅಡಿ ದಾಟಿರುವ ಈ ಸೀಮೆಯಲ್ಲಿ ನೀರು ಎಂದರೆ ಕರೆಂಟು, ಕರೆಂಟು ಎಂದರೆ ನೀರು. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ವಿದ್ಯುತ್ ಕೊಡುವುದು ಸರ್ಕಾರದ ನಿಯಮ. 2023ರಲ್ಲಿ ಮಳೆ ಕೈಕೊಟ್ಟಾಗ ಆ ಏಳು ಕೆಲಕಾಲ ಐದಕ್ಕೆ ಇಳಿಯಿತು. ರೈತರು ಕೆಇಬಿಯವರನ್ನು ಬೈದರು. ಕೆಇಬಿ ಎಂಬ ಸಂಸ್ಥೆ ಇಲ್ಲವಾಗಿ ಕಾಲು ಶತಮಾನವಾದರೂ ಬೈಗುಳ ಮಾತ್ರ ಇನ್ನೂ ಅದರ ಹೆಸರಿಗೇ ಸಲ್ಲುತ್ತಿದೆ.

ಇದೇ ಕೋಲಾರ ಜಿಲ್ಲೆಗೆ ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ವಿದ್ಯುಚ್ಛಕ್ತಿ ಬಂದಿತ್ತು ಎಂಬುದು ಸೋಜಿಗದ ಸಂಗತಿ. ಅದು ಬಂದದ್ದು ಊರಿಗಲ್ಲ, ಒಬ್ಬನೇ ಗಿರಾಕಿಗೆ. ಆ ಗಿರಾಕಿಗೆ ಕ್ಷಣವೂ ಬಿಡುವಿಲ್ಲದ ವಿದ್ಯುತ್ ಬೇಕಿತ್ತು. ಇಂದು ಅಂಥದೇ ಬೇಡಿಕೆಯನ್ನು ಮುಂದಿಡುತ್ತಿರುವ ಹೊಸ ಗಿರಾಕಿ ಡೇಟಾ ಸೆಂಟರ್, ಅಂದರೆ ದತ್ತಾಂಶ ಕೇಂದ್ರ. ರಾಜ್ಯ ಸರ್ಕಾರ 2022ರಲ್ಲಿ ಈ ಕೇಂದ್ರಗಳಿಗಾಗಿಯೇ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿತು. ಬೆಂಗಳೂರಿನ ಕೈಗಾರಿಕೆ ಮಾಲೂರು, ನರಸಾಪುರ, ವೇಮಗಲ್‌ಗಳವರೆಗೆ ಹಬ್ಬಿರುವಾಗ ಈ ಗಿರಾಕಿಯ ಸ್ವಭಾವವನ್ನು ಕೋಲಾರದವರು ಅರಿತಿರುವುದು ಒಳ್ಳೆಯದು. ಅದಕ್ಕೆ ಹಳೆಯ ಗಿರಾಕಿಯ ಕಥೆಯೇ ಒಳ್ಳೆಯ ದಾರಿ.

ಕೋಲಾರದ ಚಿನ್ನದ ಗಣಿಗಳು 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಬೆಳೆದವು. ಅದಿರು ಎತ್ತುವುದು, ಕುಟ್ಟುವುದು, ನೀರು ಹೊರಹಾಕುವುದು ಎಲ್ಲವೂ ಉಗಿಯಂತ್ರದಿಂದ ನಡೆಯುತ್ತಿತ್ತು. ಸುತ್ತಲಿನ ಕಾಡು ಸೌದೆಯಾಗುತ್ತಿತ್ತು, ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಗಣಿ ಆಳಕ್ಕೆ ಹೋದಷ್ಟೂ ಖರ್ಚು ಏರುತ್ತಿತ್ತು. ಆಗ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಎಂಜಿನಿಯರ್ ಎ. ಸಿ. ಜೋಲಿ ಡಿ ಲೋಟ್ಬಿನಿಯರ್ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ ತೆಗೆದು ಗಣಿಗಳಿಗೆ ಸಾಗಿಸಬಹುದೆಂಬ ಯೋಜನೆ ಹಾಕಿದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದಕ್ಕೆ ಬೆಂಬಲವಾಗಿ ನಿಂತರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ವಿದ್ಯುತ್ ಯಂತ್ರಗಳನ್ನೂ ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿ ನೀರಿನ ಚಕ್ರಗಳನ್ನೂ ಒದಗಿಸಿದವು. ಈ ಭಾರೀ ಯಂತ್ರಗಳನ್ನು ಆನೆಗಳೂ ಕುದುರೆ ಗಾಡಿಗಳೂ ಎಳೆದು ತಂದವೆಂದು ಹೇಳುತ್ತಾರೆ. 1902ರ ಜೂನ್ 30ರಂದು 147 ಕಿಲೋಮೀಟರ್ ತಂತಿಯ ಮೇಲೆ, 35 ಸಾವಿರ ವೋಲ್ಟ್ ಒತ್ತಡದಲ್ಲಿ ಕಾವೇರಿಯ ಶಕ್ತಿ ಕೋಲಾರದ ಗಣಿಗಳನ್ನು ಮುಟ್ಟಿತು. ಯೋಜನೆಗೆ ಬೆನ್ನೆಲುಬಾಗಿದ್ದ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಇದು ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಎಂದು ಬರೆಯುವ ರೂಢಿಯಿದೆ. ಅದು ಸರಿಯಲ್ಲ. ಡಾರ್ಜಿಲಿಂಗಿನ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಸಣ್ಣದೊಂದು ಜಲವಿದ್ಯುತ್ ಕೇಂದ್ರ ಕೆಲಸ ಶುರುಮಾಡಿತ್ತು. ಜಪಾನಿನ ಕ್ಯೋಟೋ ನಗರ ಅದಕ್ಕೂ ಹಿಂದೆ, 1891ರಲ್ಲಿ, ಕಾಲುವೆಯ ನೀರಿನಿಂದ ವಿದ್ಯುತ್ ಪಡೆದಿತ್ತು. ಶಿವನಸಮುದ್ರದ ಹೆಗ್ಗಳಿಕೆ ಬೇರೆ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಒಂದು. ಒಂದು ಉತ್ಪಾದನಾ ಕೇಂದ್ರ, ಒಂದು ಮಾರ್ಗ, ಒಂದು ಗಿರಾಕಿ: ಹೊರಗಿನ ಯಾವ ಜಾಲಕ್ಕೂ ಅಂಟದೆ, ತನ್ನದೇ 25 ಆವರ್ತನದಲ್ಲಿ ನಡೆಯುತ್ತಿದ್ದ ದ್ವೀಪ ಅದು. ಅಂಟಿಕೊಳ್ಳಲು ಬೇರೆ ಜಾಲವೇ ಇರಲಿಲ್ಲ. ತಂತಿ ಹಾದುಹೋದ ಹಳ್ಳಿಗಳು ತಲೆಯ ಮೇಲಿನ ಶಕ್ತಿಯ ಸುಳಿವಿಲ್ಲದೆ ಸೀಮೆಎಣ್ಣೆ ಬುಡ್ಡಿಯಲ್ಲೇ ದಶಕಗಟ್ಟಲೆ ಕಳೆದವು. ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡದ್ದು 1905ರಲ್ಲಿ.

ಗಣಿಗೆ ಕರೆಂಟು ಹೋಗುವುದೆಂದರೆ ದೀಪ ಆರುವುದಷ್ಟೇ ಅಲ್ಲ. ಕೆಳಗೆ ಸಾವಿರಾರು ಅಡಿ ಆಳದಲ್ಲಿ ಜನ ಇರುತ್ತಾರೆ. ಅವರನ್ನು ಮೇಲೆತ್ತುವ ಕೇಜು ವಿದ್ಯುತ್ತಿನಿಂದ ಏರಬೇಕು, ಒಸರುವ ನೀರು ವಿದ್ಯುತ್ತಿನಿಂದ ಹೊರಬೀಳಬೇಕು, ಗಾಳಿ ವಿದ್ಯುತ್ತಿನಿಂದ ಒಳಗಿಳಿಯಬೇಕು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಮಿಕ್ಕ ಆಳ ತಲುಪಿತು. ಅಲ್ಲಿ ಬಂಡೆಯ ಉಷ್ಣವೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಂಪು ಗಾಳಿ ನಿಂತರೆ ಅಲ್ಲಿ ಮನುಷ್ಯ ಬಹಳ ಹೊತ್ತು ಉಳಿಯಲಾರ.

ಹೀಗಿರುವಾಗ ಶಿವನಸಮುದ್ರದ ಯೋಜನೆಯ ದುರ್ಬಲ ಭಾಗ ಬೇಗನೆ ಬಯಲಾಯಿತು. ಅದು ಯಂತ್ರವಲ್ಲ, ತಂತಿಯೂ ಅಲ್ಲ, ನದಿ. ಕಾವೇರಿ ಮಳೆಗಾಲದಲ್ಲಿ ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಹರಿಯುತ್ತಾಳೆ, ಬೇಸಿಗೆಯಲ್ಲಿ ಬಡವಾಗುತ್ತಾಳೆ. ಗಣಿಯ ಬೇಡಿಕೆಗೆ ಮಾತ್ರ ಋತುವಿಲ್ಲ. ಆರಂಭದಲ್ಲಿ ಆರು ಯಂತ್ರಗಳು ಸೇರಿ ಸುಮಾರು ನಾಲ್ಕೂವರೆ ಮೆಗಾವ್ಯಾಟ್ ಕೊಡುತ್ತಿದ್ದವು. ಗಣಿಗಳು ಇನ್ನಷ್ಟು ಕೇಳಿದವು, ಯಂತ್ರಗಳನ್ನು ಹೆಚ್ಚಿಸಲಾಯಿತು. ಆದರೆ ಯಂತ್ರ ಹೆಚ್ಚಿದ ಮಾತ್ರಕ್ಕೆ ಏಪ್ರಿಲ್ ತಿಂಗಳ ನೀರು ಹೆಚ್ಚುತ್ತದೆಯೇ? ಉತ್ತರ ದೊರೆತದ್ದು ಮೇಲ್ಗಡೆ, ಕನ್ನಂಬಾಡಿಯಲ್ಲಿ. ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ಇಂದು ಆ ಅಣೆಕಟ್ಟೆಂದರೆ ಮಂಡ್ಯದ ಗದ್ದೆಗಳೂ ಬೃಂದಾವನದ ಕಾರಂಜಿಗಳೂ ನೆನಪಿಗೆ ಬರುತ್ತವೆ. ಆದರೆ ಕೋಲಾರದ ಗಣಿಗಳಿಗೆ ವರ್ಷವಿಡೀ ಏರುಪೇರಿಲ್ಲದೆ ವಿದ್ಯುತ್ ಒದಗಿಸುವುದು ಅದರ ಮೊದಲ ಉದ್ದೇಶಗಳಲ್ಲಿ ಒಂದಾಗಿತ್ತು. ಮಂಡ್ಯಕ್ಕೆ ನೀರು ಹರಿಸಿದ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಬಂದದ್ದು 1930ರ ದಶಕದಲ್ಲಿ. ಗದ್ದೆಗಿಂತ ಮೊದಲು ಗಣಿ.

ವಿದ್ಯುತ್ ಶಾಸ್ತ್ರದ ಕಣ್ಣಿನಿಂದ ನೋಡಿದರೆ ಕನ್ನಂಬಾಡಿ ಒಂದು ದೊಡ್ಡ ಬ್ಯಾಟರಿ. ಸಿಕ್ಕಾಗ ತುಂಬಿಟ್ಟುಕೊಂಡು ಬೇಕಾದಾಗ ಬಿಡುವ ವ್ಯವಸ್ಥೆ. ಉತ್ಪಾದನೆ ಒಂದು ಮಾತು, ಭರವಸೆ ಬೇರೊಂದು ಮಾತು ಎಂಬುದನ್ನು ಮೈಸೂರು ಸಂಸ್ಥಾನ ಹತ್ತು ವರ್ಷದೊಳಗೆ ಕಂಡುಕೊಂಡಿತು.

ಈಗ ಹೊಸ ಗಿರಾಕಿಯ ಕಡೆ ಬರೋಣ. ಬ್ಯಾಂಕಿನ ಲೆಕ್ಕ, ಪಹಣಿ, ರೈಲು ಟಿಕೆಟ್ಟು, ಫೋನಿನಲ್ಲಿ ಹಣ ಕಳಿಸುವ ವ್ಯವಹಾರ ಇವೆಲ್ಲ ಎಲ್ಲೋ ಗಾಳಿಯಲ್ಲಿ ನಡೆಯುವಂತೆ ತೋರುತ್ತದೆ. ನಡೆಯುವುದು ಮಾತ್ರ ಕಾಂಕ್ರೀಟಿನ ಕಟ್ಟಡಗಳೊಳಗೆ, ಸಾಲುಸಾಲು ಕಬ್ಬಿಣದ ಕಪಾಟುಗಳಲ್ಲಿ ಜೋಡಿಸಿದ ಸಾವಿರಾರು ಕಂಪ್ಯೂಟರುಗಳಲ್ಲಿ. ಅವು ಹಗಲಿರುಳು ಬಿಸಿಯಾಗುತ್ತಲೇ ಇರುತ್ತವೆ. ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುವುದರಿಂದ ಅವನ್ನು ತಣ್ಣಗಿಡಲು ಇನ್ನಷ್ಟು ವಿದ್ಯುತ್ ಬೇಕು. ತಂಪು ನಿಂತರೆ ಕೆಲವೇ ನಿಮಿಷಗಳಲ್ಲಿ ಯಂತ್ರಗಳು ಕೈಚೆಲ್ಲುತ್ತವೆ. ಗಣಿಯ ಆಳಕ್ಕೂ ಈ ಕಟ್ಟಡಕ್ಕೂ ಹೋಲಿಕೆ ಇರುವುದು ಇಲ್ಲೇ.

ಈ ಕೇಂದ್ರಗಳಿಗೆ ಭರವಸೆಯ ದರ್ಜೆಗಳಿವೆ. ಮೂರನೆಯ ದರ್ಜೆಯ ಕೇಂದ್ರ ನೂರಕ್ಕೆ 99.982 ಪಾಲು ಕಾಲ ನಡೆಯುತ್ತಿರಬೇಕು ಎಂದು ವಾಡಿಕೆ. ಲೆಕ್ಕ ಹಾಕಿದರೆ ಇಡೀ ವರ್ಷದಲ್ಲಿ ಸುಮಾರು 95 ನಿಮಿಷ ಮಾತ್ರ ನಿಲ್ಲಬಹುದು. ನಾಲ್ಕನೆಯ ದರ್ಜೆಗೆ 99.995, ಅಂದರೆ 26 ನಿಮಿಷ. ಶ್ರೀನಿವಾಸಪುರದ ಯಾವುದೇ ಮನೆಯವರು ಒಂದು ಗುಡುಗು ಮಳೆಯ ಸಂಜೆಯಲ್ಲೇ ಆ 26 ನಿಮಿಷವನ್ನು ಮುಗಿಸಿರುತ್ತಾರೆ.

ಸಾಮಾನ್ಯವಾಗಿ ಈ ಕೇಂದ್ರಗಳು ಹೀಗೆ ನಡೆದುಕೊಳ್ಳುತ್ತವೆ. ಹೊರಗಿನ ಕರೆಂಟು ಹೋದ ಕ್ಷಣ ಯುಪಿಎಸ್ ಬ್ಯಾಟರಿಗಳು ಭಾರ ಹೊರುತ್ತವೆ. ಕಂಪ್ಯೂಟರುಗಳಿಗೆ ಸುಳಿವೂ ಹತ್ತುವುದಿಲ್ಲ. ಬ್ಯಾಟರಿ ತಾಳುವುದು ಕೆಲವು ನಿಮಿಷ. ಅಷ್ಟರಲ್ಲಿ ಡೀಸೆಲ್ ಜನರೇಟರುಗಳು ಚಾಲೂ ಆಗಿ ಹೊರೆ ಹೊತ್ತುಕೊಳ್ಳುತ್ತವೆ. ಮದುವೆ ಛತ್ರದಲ್ಲಿ ನಡೆಯುವುದೂ ಇದೇ, ಪ್ರಮಾಣ ಮಾತ್ರ ಬೇರೆ. ತೊಂದರೆಯೆಂದರೆ, ಆ ಜನರೇಟರುಗಳು ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತವೆ, ಓಡಿದಾಗ ಹೊಗೆ ಕಾರುತ್ತವೆ, ಅವಕ್ಕೆ ಸುರಿದ ಬಂಡವಾಳ ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ.

ಮೈಕ್ರೋಗ್ರಿಡ್ ಎಂಬ ಹೊಸ ವ್ಯವಸ್ಥೆ ಇದಕ್ಕೆ ಪರ್ಯಾಯವಾಗಿ ಬಂದಿದೆ. ಹೆಸರು ಹೇಳುವಂತೆ ಇದೊಂದು ಕಿರುಜಾಲ. ಆವರಣದೊಳಗೇ ಸೌರಫಲಕ, ಗಂಟೆಗಟ್ಟಲೆ ತಾಳುವ ಬ್ಯಾಟರಿ, ಅನಿಲ ಅಥವಾ ಡೀಸೆಲ್ ಯಂತ್ರ, ಇವನ್ನೆಲ್ಲ ನಡೆಸುವ ಒಂದು ನಿಯಂತ್ರಕ, ಮತ್ತು ಹೊರಗಿನ ದೊಡ್ಡ ಜಾಲಕ್ಕೂ ಇದಕ್ಕೂ ನಡುವೆ ಒಂದು ಬಾಗಿಲು. ಸುಖದ ದಿನಗಳಲ್ಲಿ ಬಾಗಿಲು ತೆರೆದಿರುತ್ತದೆ, ಕೊಡುಕೊಳ್ಳುವುದು ನಡೆಯುತ್ತದೆ. ಹೊರಗೆ ಏನಾದರೂ ಕೆಟ್ಟರೆ ಬಾಗಿಲು ಮುಚ್ಚಿಕೊಂಡು ಕಿರುಜಾಲ ದ್ವೀಪವಾಗಿ ನಡೆಯುತ್ತದೆ. ಛತ್ರದ ಜನರೇಟರಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಜನರೇಟರು ಕರೆಂಟು ಹೋದ ಮೇಲೆ ಏಳುತ್ತದೆ, ಕಿರುಜಾಲ ಮಲಗಿರುವುದೇ ಇಲ್ಲ.

ಬಾಗಿಲು ಮುಚ್ಚುವುದು ಹೇಳಿದಷ್ಟು ಸುಲಭವಲ್ಲ. ವಿದ್ಯುತ್ ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸರಿಸಮವಾಗಿರಬೇಕು. ಹಿಂದೆ ಈ ಸೀಮೆಯ ಬಾವಿಗಳಲ್ಲಿ ಕಪಿಲೆ ಎಳೆಯುತ್ತಿದ್ದ ಎತ್ತುಗಳನ್ನು ನೆನೆದುಕೊಂಡರೆ ಇದು ಅರ್ಥವಾದೀತು. ತೊಗಲಚೀಲ ಭಾರವಾದರೆ ಎತ್ತಿನ ಹೆಜ್ಜೆ ನಿಧಾನವಾಗುತ್ತದೆ. ಹಗ್ಗ ಕಿತ್ತರೆ ಎತ್ತು ಮುಗ್ಗರಿಸುತ್ತದೆ. ಜಾಲದ ಹೆಜ್ಜೆಯೇ ಅದರ ಆವರ್ತನ. ಭಾರತದಲ್ಲಿ ಅದು ಸೆಕೆಂಡಿಗೆ 50. ಬಳಕೆ ಹೆಚ್ಚಾದರೆ ಅದು 50ಕ್ಕಿಂತ ಕೆಳಗಿಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಮೇಲೇರುತ್ತದೆ. ಮಿತಿ ಮೀರಿದರೆ ಯಂತ್ರಗಳು ತಮ್ಮನ್ನು ತಾವು ಉಳಿಸಿಕೊಳ್ಳಲು ಒಂದೊಂದಾಗಿ ಕಳಚಿಕೊಳ್ಳುತ್ತವೆ. ದ್ವೀಪವಾದ ಮರುಗಳಿಗೆಯಲ್ಲೇ ಕಿರುಜಾಲ ತನ್ನ ಹೆಜ್ಜೆಯನ್ನು ತಾನೇ ಹಿಡಿಯಬೇಕು; ಸಾಲದಾದರೆ ಯಾವ ಹೊರೆಯನ್ನು ಮೊದಲು ಇಳಿಸಬೇಕೆಂದು ತಾನೇ ನಿರ್ಧರಿಸಬೇಕು.

ಇಂಥ ನಿರ್ಧಾರ ಎಷ್ಟು ಬೆಲೆಯುಳ್ಳದ್ದು ಎಂಬುದು 2012ರ ಜುಲೈ 30 ಮತ್ತು 31ರಂದು ದೇಶಕ್ಕೆಲ್ಲ ತಿಳಿಯಿತು. ಮೊದಲ ದಿನ ಉತ್ತರದ ಜಾಲ, ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಕುಸಿದವು. ಅರವತ್ತು ಕೋಟಿಯಷ್ಟು ಜನ ವಾಸಿಸುವ ಪ್ರದೇಶ ಕತ್ತಲಾಯಿತು. ಆ ಕತ್ತಲಲ್ಲೂ ಕೆಲವು ಚುಕ್ಕೆಗಳು ಉರಿಯುತ್ತಿದ್ದವು: ಬೊಕಾರೊ ಉಕ್ಕಿನ ಕಾರ್ಖಾನೆ, ಸ್ವಂತ ಉತ್ಪಾದನೆಯಿದ್ದ ಕೋಲ್ಕತ್ತ ನಗರದ ವಿದ್ಯುತ್ ಕಂಪನಿ. ಅವು ಸಮಯಕ್ಕೆ ಬಾಗಿಲು ಮುಚ್ಚಿಕೊಂಡು ದ್ವೀಪಗಳಾಗಿದ್ದವು.

ದಕ್ಷಿಣವೂ ಉಳಿಯಿತು. ಅದು ಉಳಿದ ಬಗೆಯಲ್ಲಿ ಕೋಲಾರದ ಪಾತ್ರವಿದೆ. 1902ರ ತಂತಿಗೆ ನೂರು ವರ್ಷ ತುಂಬಿದ ಮರುವರ್ಷ, 2003ರಲ್ಲಿ, ಒರಿಸ್ಸಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಇನ್ನೊಂದು ಮಹಾತಂತಿ ಬಂದಿತ್ತು. ಉದ್ದ ಸಾವಿರದ ಮುನ್ನೂರು ಕಿಲೋಮೀಟರಿಗೂ ಹೆಚ್ಚು, ಒತ್ತಡ ಐದು ಲಕ್ಷ ವೋಲ್ಟ್, ಸಾಮರ್ಥ್ಯ ಆರಂಭದಲ್ಲಿ 2,000 ಮೆಗಾವ್ಯಾಟ್. ತಾಲ್ಚೇರ್‌ನ ಕಲ್ಲಿದ್ದಲಿನ ವಿದ್ಯುತ್ತು ನೇರಪ್ರವಾಹವಾಗಿ ಹರಿದು ಬಂದು, ಕೋಲಾರದಲ್ಲಿ ಮತ್ತೆ ಪರ್ಯಾಯ ಪ್ರವಾಹವಾಗಿ, ದಕ್ಷಿಣದ ರಾಜ್ಯಗಳಿಗೆ ಹಂಚಿಹೋಗುತ್ತದೆ. ಪರ್ಯಾಯ ಪ್ರವಾಹದ ತಂತಿ ಎರಡು ಜಾಲಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಒಂದು ಎತ್ತು ಬಿದ್ದರೆ ಇನ್ನೊಂದೂ ಬೀಳುತ್ತದೆ. ನೇರಪ್ರವಾಹದ ತಂತಿಗೆ ಆ ನೊಗವಿಲ್ಲ. ಜುಲೈ 31ರಂದು ಪೂರ್ವದ ಜಾಲ ಬಿದ್ದಾಗ ದಕ್ಷಿಣಕ್ಕೆ ಬರುತ್ತಿದ್ದ ಸುಮಾರು 2,000 ಮೆಗಾವ್ಯಾಟ್ ನಿಂತುಹೋಯಿತು, ಆದರೆ ಅದರೊಂದಿಗೆ ದಕ್ಷಿಣ ಬೀಳಲಿಲ್ಲ. ಆವರ್ತನ ಇಳಿದದ್ದನ್ನು ಗುರುತಿಸಿದ ರಿಲೇಗಳು ಕೆಲವು ಮಾರ್ಗಗಳನ್ನು ತಾವಾಗಿಯೇ ಕಡಿದು, ಉಳಿದದ್ದನ್ನು ಕಾಪಾಡಿದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವೂ ಉಳಿದ ದೇಶದ ನೊಗಕ್ಕೆ ಕೊರಳು ಕೊಟ್ಟಿತು. ಅದರಿಂದ ಲಾಭ ಬಹಳವಿದೆ. 2012ರ ರಕ್ಷಣೆ ಮಾತ್ರ ಈಗ ಹಾಗೆಯೇ ಉಳಿದಿಲ್ಲ.

ಹಾಗಾದರೆ ಕೋಲಾರದ ಬಿಸಿಲನ್ನೇ ನಂಬಿ ಒಂದು ಡೇಟಾ ಸೆಂಟರ್ ನಡೆಸಬಹುದೇ? ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಮಧ್ಯಮ ಗಾತ್ರದ್ದೆಂದು 10 ಮೆಗಾವ್ಯಾಟ್ ಹಿಡಿಯೋಣ. ಶಿವನಸಮುದ್ರ ಮೊದಲ ವರ್ಷ ಇಡೀ ಚಿನ್ನದ ಗಣಿಗೆ ಕೊಟ್ಟದ್ದರ ಇಮ್ಮಡಿಗೂ ಮಿಕ್ಕು ಇದು. ದಿನಕ್ಕೆ 240 ಮೆಗಾವ್ಯಾಟ್-ಗಂಟೆ ಬೇಕು. ಈ ಭಾಗದಲ್ಲಿ ಒಂದು ಮೆಗಾವ್ಯಾಟ್ ಸೌರಫಲಕ ದಿನಕ್ಕೆ ಸರಾಸರಿ ನಾಲ್ಕೂವರೆ ಮೆಗಾವ್ಯಾಟ್-ಗಂಟೆ ಕೊಟ್ಟೀತು. ಅಂದರೆ ಐವತ್ತಕ್ಕೂ ಹೆಚ್ಚು ಮೆಗಾವ್ಯಾಟ್ ಫಲಕ, ಎಕರೆಯಲ್ಲಿ ಹೇಳಿದರೆ ಇನ್ನೂರೈವತ್ತು ಮುನ್ನೂರು ಎಕರೆ. ಪಾವಗಡದ ಸೌರ ಉದ್ಯಾನದಲ್ಲಿ 2,050 ಮೆಗಾವ್ಯಾಟಿಗೆ 13 ಸಾವಿರ ಎಕರೆ ಹಿಡಿದದ್ದನ್ನು ನೋಡಿದರೆ ಈ ಅಂದಾಜು ಅತಿಯಲ್ಲ. ರಾತ್ರಿ ದಾಟಿಸಲು 140 ಮೆಗಾವ್ಯಾಟ್-ಗಂಟೆಯ ಬ್ಯಾಟರಿಯಾದರೂ ಬೇಕು. ಅಕ್ಟೋಬರಿನ ಜಡಿಮಳೆಯಲ್ಲಿ ಮೂರು ದಿನ ಸೂರ್ಯ ಮುಖ ತೋರಿಸದಿದ್ದರೆ ಅದೂ ಸಾಲದು.

ಆದ್ದರಿಂದ ಬರೀ ಬಿಸಿಲಿನ ದ್ವೀಪ ಎಂಬುದು ಜಾಹೀರಾತಿನ ಮಾತು. ತಿಳಿದವರು ಮಾಡುವುದು ಬೇರೆ: ದೊಡ್ಡ ಜಾಲವನ್ನು ಬಿಡದೆ, ಕೆಲವು ಗಂಟೆಗಳ ಹೊರೆಯನ್ನು ಮಾತ್ರ ತಾವೇ ಹೊರುವ ಶಕ್ತಿ ಬೆಳೆಸಿಕೊಳ್ಳುವುದು. ಜಾಲ ಒದ್ದಾಡುವ ಸಂಜೆ ಏಳರಿಂದ ಹತ್ತರವರೆಗೆ ಅವರು ಬಾಗಿಲು ಮುಚ್ಚಿಕೊಂಡು ತಮ್ಮ ಬ್ಯಾಟರಿಯ ಮೇಲೆ ನಡೆದರೆ, ಆ ಹೊತ್ತಿನ 10 ಮೆಗಾವ್ಯಾಟ್ ಬೇರೆಯವರಿಗೆ ಉಳಿಯುತ್ತದೆ. ಐದು ಅಶ್ವಶಕ್ತಿಯ ಮೋಟರಿನ ಲೆಕ್ಕದಲ್ಲಿ ಅದು ಎರಡು ಸಾವಿರಕ್ಕೂ ಹೆಚ್ಚು ಪಂಪ್‌ಸೆಟ್ಟುಗಳ ಹೊರೆ. ಸಂಜೆ ಹೊತ್ತು ತಾನು ಜಾಲದಿಂದ ಎಳೆಯುವುದಿಲ್ಲವೆಂಬ ಈ ಕರಾರನ್ನು ಗಿರಾಕಿಯಿಂದ ಬರೆಸಿಕೊಳ್ಳುವುದು, ಭೂಮಿ ಕೊಡುವ ಮೊದಲು ಕೇಳಬೇಕಾದ ಮಾತು.

ನೀರಿನ ಮಾತೂ ಇದೆ. ಹಲವು ಕೇಂದ್ರಗಳು ಯಂತ್ರಗಳನ್ನು ತಣಿಸಲು ನೀರನ್ನು ಆವಿಯಾಗಿಸುತ್ತವೆ. ವರ್ಷವಿಡೀ ಹರಿಯುವ ನದಿಯಿಲ್ಲದ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಪಂಪು ಮಾಡಿಸಿಕೊಂಡು ಕೆರೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದ ಈ ನೆಲದ ತಂಪು ರಾತ್ರಿಗಳು ಬರೀ ಗಾಳಿಯಿಂದ ತಣಿಸುವವರಿಗೆ ಅನುಕೂಲ.

ಹಳೆಯ ಗಿರಾಕಿ ಈಗಿಲ್ಲ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ಉಳಿದವು. ಅದೇ ವರ್ಷ ಆಸ್ಟ್ರೇಲಿಯಾದ ಕಿಡ್‌ಸ್ಟನ್ ಎಂಬಲ್ಲಿ ಮುಚ್ಚಿದ ಇನ್ನೊಂದು ಚಿನ್ನದ ಗಣಿಯ ಕಥೆ ಬೇರೆಯಾಯಿತು. ಅಲ್ಲಿ ಎರಡು ತೆರೆದ ಗುಂಡಿಗಳಿದ್ದವು. ಬಿಸಿಲಿನ ಹೊತ್ತು ಕೆಳಗಿನ ನೀರನ್ನು ಮೇಲಕ್ಕೆತ್ತಿ, ಸಂಜೆ ಇಳಿಬಿಟ್ಟು 250 ಮೆಗಾವ್ಯಾಟ್ ವಿದ್ಯುತ್ ಪಡೆಯುವ ಯೋಜನೆಯ ಕಾಮಗಾರಿ 2021ರಲ್ಲಿ ಶುರುವಾಯಿತು. ಕೋಲಾರದ ಗಣಿ ಹಾಗಲ್ಲ. ಇದು ಕಿರಿದಾದ ಬಾಯಿಯ, ಪಾತಾಳಕ್ಕಿಳಿದ, ಬಂಡೆ ಸಿಡಿಯುವ ಗಣಿ. ಕಿಡ್‌ಸ್ಟನ್ನಿನ ಉಪಾಯವನ್ನು ಇಲ್ಲಿ ಹಾಗೆಯೇ ಎತ್ತಿ ಇಡಲಾಗದು.

ಇತ್ತ ರೈತರ ಕಡೆ ಎರಡು ಬದಲಾವಣೆಗಳಾಗಿವೆ. ನಿರಂತರ ಜ್ಯೋತಿ ಯೋಜನೆ ಹಳ್ಳಿಯ ಮನೆಗಳ ಮಾರ್ಗವನ್ನು ಪಂಪ್‌ಸೆಟ್ಟುಗಳ ಮಾರ್ಗದಿಂದ ಬೇರ್ಪಡಿಸಿತು. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ನುಗಳ ಪಕ್ಕದಲ್ಲೇ ಸೌರ ಘಟಕ ಕಟ್ಟಿ ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನಲ್ಲೇ ವಿದ್ಯುತ್ ಕೊಡುವ ಏರ್ಪಾಡಿದೆ. ನೋಡುವವರಿಗೆ ಇವು ಕಿರುಜಾಲದ ತಮ್ಮಂದಿರಂತೆ ಕಾಣುತ್ತವೆ. ಆದರೆ ಮುಖ್ಯ ಮಾರ್ಗದಲ್ಲಿ ಕರೆಂಟು ಹೋದರೆ, ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದರೂ, ಇಂಥ ಸೌರ ಘಟಕ ನಿಂತುಬಿಡುತ್ತದೆ. ಮನೆಯ ಚಾವಣಿಯ ಮೇಲಿನ ಫಲಕದ್ದೂ ಇದೇ ಪಾಡು; ಬ್ಯಾಟರಿಯಿಲ್ಲದಿದ್ದರೆ ಊರಿಗೆ ಕರೆಂಟು ಇಲ್ಲದಾಗ ಮನೆಗೂ ಇಲ್ಲ. ಕಾರಣ ಸರಳ. ಸತ್ತ ತಂತಿಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿನ ಕೈಗೆ ಎಲ್ಲಿಂದಲೋ ವಿದ್ಯುತ್ ಹರಿಯಬಾರದು. ಹೆಜ್ಜೆ ಹಿಡಿಯುವ ಬ್ಯಾಟರಿಯಾಗಲಿ, ಹೊರಗಿನ ತಂತಿಯನ್ನು ಖಚಿತವಾಗಿ ಕಡಿದುಕೊಳ್ಳುವ ಬಾಗಿಲಾಗಲಿ ಇಲ್ಲದ ಘಟಕಕ್ಕೆ ಸುಮ್ಮನಾಗುವುದೊಂದೇ ದಾರಿ. ಡೇಟಾ ಸೆಂಟರಿನ ಕಾಂಪೌಂಡಿನೊಳಗೆ ಆ ಎರಡೂ ಇರುತ್ತವೆ. ಮಾವಿನ ತೋಪಿನ ಪಕ್ಕದ ಸೌರ ಘಟಕಕ್ಕೆ ಅವಿನ್ನೂ ಬಂದಿಲ್ಲ.